ನಾನೂರ ಹದಿನೇಳನೆಯ ನೀರು

ಗದಗ,
ಫೆಬ್ರವರಿ ಮೂವತ್ತು, ೨೩೦೮

ಝರೀನಾ ಅಜ್ಜಿಯವರಿಗೆ ಶಿವಲೀಲಾ ಬಡಿಗೇರಳ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ನಮ್ಮ ಕ್ಯಾಲೆಂಡರಿನಲ್ಲಿ ಫೆಬ್ರವರಿಗೆ ಮೂವತ್ತು ದಿನ. ಈ ಪತ್ರ ಕೈಸೇರುವಾಗ ನಿಮಗಿನ್ನೂ ಮೂವತ್ತೊಂದು ವರ್ಷವೆಂದು ಗೊತ್ತು. ಆದರೂ ಇನ್ನೂರ ಎಂಬತ್ತು ವರ್ಷ ಹಿಂದಿನವರನ್ನು ಅಕ್ಕ ಎನ್ನಲು ನನಗೆ ಬಾಯಿ ಬರುವುದಿಲ್ಲ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಹಿಂದಿನವರಿಗೆ ಬರೆಯುವ ಇಂಥ ಪತ್ರವನ್ನು ನಾವು ಹಿಂದೋಲೆ ಎನ್ನುತ್ತೇವೆ. ಒಬ್ಬರಿಗೆ ಜನ್ಮದಲ್ಲಿ ಒಂದೇ ಹಿಂದೋಲೆ, ಅದಕ್ಕೆ ಮರುಪತ್ರ ಬರುವ ದಾರಿಯಿಲ್ಲ.

ನಾನು ಅಣುಭಂಡಾರದಲ್ಲಿ ತಾಳೆಗಾರ್ತಿ. ಯಾವ ಅಣುವಿನಲ್ಲಿ ಯಾವ ಪರಮಾಣು ಎಲ್ಲಿ ಕೂತಿದೆ ಎಂದು ನಿಮ್ಮ ಕಾಲದವರು ಸಾಲು ಸಾಲಾಗಿ ಬರೆದು, ಎಲ್ಲರಿಗೂ ಸಿಗುವಂತೆ ಒಂದೇ ಕಡೆ ಜಮಾ ಮಾಡಿದಿರಲ್ಲ, ಅದೇ ಭಂಡಾರ. ಆ ಸಾಲುಗಳನ್ನು ನೀವೇ ಕೊಟ್ಟ ಅಳತೆಗಳೊಂದಿಗೆ ತಾಳೆ ನೋಡುವುದು ನನ್ನ ಕೆಲಸ. ಅದಕ್ಕಿಂತ ಮಜಾ ಜಮಾ ಮಾಡಿದವರು ಟಿಪ್ಪಣಿ ಬರೆಯುವ ಷರಾ ಕಲಂ ಓದುವುದರಲ್ಲಿದೆ. ಒಬ್ಬರು ಎಕ್ಸ್‌ರೇ ಹಾಯಿಸಲು ಬೇಕಾದ ಹರಳು ಬೆಳೆಯಲು ಹನ್ನೊಂದು ತಿಂಗಳು ಹಿಡಿಯಿತೆಂದು ಗೊಣಗಿದ್ದಾರೆ. ಇನ್ನೊಬ್ಬರು ಪ್ರಯೋಗಾಲಯದ ಎಸಿ ಕೆಟ್ಟಿದ್ದನ್ನೂ ಬಿಟ್ಟಿಲ್ಲ. ನೀವು ಮಾತ್ರ ಷರಾ ಕಲಂ ಖಾಲಿ ಬಿಟ್ಟಿದ್ದೀರಿ.

ನಿಮ್ಮದು ತುಂಗಭದ್ರೆಯ ಕಪ್ಪೆಚಿಪ್ಪಿನ ಪ್ರೋಟೀನು, ಚಿಪ್ಪಿಗೆ ಸುಣ್ಣ ಕಟ್ಟುವಂಥದ್ದು. ಆ ಜೀವಿ ಈಗಿಲ್ಲ; ಉಳಿದಿರುವುದು ನಿಮ್ಮ ದಾಖಲೆಯೊಂದೇ. ನಮ್ಮಲ್ಲಿ ಸುಣ್ಣಸವೆತ ಎಂಬ ಕಾಯಿಲೆಯಿದೆ, ಮೂಳೆ ಒಳಗಿಂದಲೇ ಪುಡಿಯಾಗುತ್ತದೆ. ನನ್ನನ್ನು ಸಾಕಿದ ಚಿಗವ್ವ, ಅಂದರೆ ನನ್ನ ತಾಯಿಯ ತಂಗಿ, ಕಳೆದ ತಿಂಗಳು ರೊಟ್ಟಿ ಬಡಿಯುವಾಗ ಮಣಿಕಟ್ಟು ಮುರಿದುಕೊಂಡಳು. ಈಗ ಸವೆತ ಬೆನ್ನುಮೂಳೆಗೂ ಬಂದಿದೆ. ನಿಮ್ಮ ದಾಖಲೆ ನೋಡಿ ಆ ಪ್ರೋಟೀನನ್ನು ಹೊಸದಾಗಿ ಕಟ್ಟಿ ಔಷಧಿ ಮಾಡಿದರು, ಅದು ಕೆಲಸ ಮಾಡಲಿಲ್ಲ.

ಯಾಕೆಂದು ಕೆದಕುತ್ತ ನಾನು ನಾನೂರ ಹದಿನೇಳನೆಯ ಸಾಲಿಗೆ ಬಂದೆ. ಅಲ್ಲಿ ನೀವು ನೀರು ಎಂದು ಬರೆದಿದ್ದೀರಿ. ಆದರೆ ಅದರ ಸುತ್ತ ಆರು ಪರಮಾಣುಗಳು ತೀರಾ ಮೈಗೆ ಮೈ ತಾಗಿಸಿ ನಿಂತಿವೆ. ನೀರು ಯಾರನ್ನೂ ಅಷ್ಟು ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ಮೆಗ್ನೀಷಿಯಂ ಬಿಟ್ಟುಕೊಳ್ಳುತ್ತದೆ. ನಿಮ್ಮ ಎಕ್ಸ್‌ರೇಗೆ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಜಾಗ ಖಾಲಿ ಕಂಡರೆ ನಿಮ್ಮ ಕಾಲದ ಕಂಪ್ಯೂಟರು ತಾನೇ ನೀರು ತುಂಬುತ್ತಿತ್ತೆಂದು ಓದಿದ್ದೇನೆ. ಹಾಗೇ ಆಯಿತೇ? ಅಥವಾ ನೀವೇ ನೋಡಿ ಬರೆದಿರೇ? ಹದಿನೈದು ದಿನದಿಂದ ಇದೊಂದೇ ಪ್ರಶ್ನೆ ನನ್ನ ತಲೆ ತಿನ್ನುತ್ತಿದೆ.

ನೀರಿನ ಬದಲು ಮೆಗ್ನೀಷಿಯಂ ಹಾಕಿ ಔಷಧಿ ಮಾಡಿ ನೋಡಲು ಅನುಮತಿ ಕೇಳಿ ಭಂಡಾರದ ಪಂಚರ ಮುಂದೆ ಹೋದೆ. ಜಮಾ ಮಾಡಿದವರೇ ಅನುಮಾನ ಬರೆದಿಟ್ಟಿದ್ದರೆ ಮಾತ್ರ ಬೇರೆ ಪರಮಾಣು ಹಾಕಿ ನೋಡಬಹುದು ಎಂಬುದು ನಮ್ಮ ನಿಯಮ. ಇಲ್ಲದಿದ್ದರೆ ಸಿಕ್ಕಸಿಕ್ಕವರು ಹಳೆಯ ದಾಖಲೆಗಳನ್ನು ತಿದ್ದಿಬಿಡುತ್ತಾರೆಂಬ ಭಯ. ಆ ಭಯವೂ ಸುಳ್ಳಲ್ಲ. ಹಿರಿಯ ಪಂಚರು ಕಡತ ಮುಚ್ಚಿ, "ದಾಖಲಿ ನೀರು ಅಂತೈತಿ ತಂಗಿ. ಆಕಿಗಿಲ್ಲದ ಅನುಮಾನ ನಿನಗ್ಯಾಕ?" ಅಂದರು. ನನಗೆ ಅಳು ಬಂತು. ಮನೆಗೆ ಬಂದು ನಿಮ್ಮನ್ನು ಚೆನ್ನಾಗಿ ಬೈದೆ, ಸುಳ್ಳೇಕೆ ಹೇಳಲಿ. ಚಿಗವ್ವ ಮಲಗಿದಲ್ಲಿಂದಲೇ ಗದರಿಸಿದಳು: "ಬೈಬ್ಯಾಡವಾ ಆಕಿನ್ನ. ಆಕಿಗೇನ್ ಅವಸರದ ಕೆಲಸ ಇತ್ತೋ ಏನೋ. ಕೇಳಿ ನೋಡು." ಅದಕ್ಕೇ ಜನ್ಮದ ಒಂದು ಹಿಂದೋಲೆಯನ್ನು ನಿಮಗೆ ಬರೆಯುತ್ತಿದ್ದೇನೆ.

ಲೆಕ್ಕ ಸರಿಯಿದ್ದರೆ ನೀವು ಈ ದಾಖಲೆಯನ್ನು ಜಮಾ ಮಾಡುವುದು ಈ ಪತ್ರ ನಿಮ್ಮ ಕೈಸೇರಿದ ದಿನವೇ ಮಧ್ಯಾಹ್ನ. ನಾನು ಹೇಳಿದೆನೆಂದು ಮೆಗ್ನೀಷಿಯಂ ಎಂದು ಬರೆಯಬೇಡಿ, ನನ್ನದೂ ಊಹೆಯೇ. ಆ ಸಾಲನ್ನು ಇನ್ನೊಮ್ಮೆ ನೋಡಿ. ನೀರೇ ಎಂದು ಖಾತ್ರಿಯಿದ್ದರೆ ಹಾಗೇ ಇರಲಿ, ನಾನು ಸುಮ್ಮನಾಗುತ್ತೇನೆ. ಖಾತ್ರಿಯಿಲ್ಲದಿದ್ದರೆ, ದಯವಿಟ್ಟು, ಷರಾ ಕಲಂನಲ್ಲಿ 'ಇದು ಏನೆಂದು ನನಗೆ ಗೊತ್ತಿಲ್ಲ' ಎಂದು ಬರೆಯಿರಿ. ಅಷ್ಟು ಸಿಕ್ಕರೆ ಪಂಚರು ಇಲ್ಲವೆನ್ನಲಾರರು.

ನಾಳೆ ಬೆಳಿಗ್ಗೆ ನಿಮ್ಮ ದಾಖಲೆಯನ್ನು ಮತ್ತೆ ತೆರೆಯುತ್ತೇನೆ. ಚಿಗವ್ವನಿಗೆ ಓದಲು ಬರುವುದಿಲ್ಲ. ಆದರೂ ತಾನೇ ಮೊದಲು ನೋಡಬೇಕೆಂದು ಹಟ ಹಿಡಿದಿದ್ದಾಳೆ. ಆ ಕಲಂ ಖಾಲಿ ಇದೆಯೋ ಇಲ್ಲವೋ ಎಂಬುದು ಅವಳಿಗೂ ತಿಳಿಯುತ್ತದೆ.