ಸೊಸೆಗೆ ಸಿಕ್ಕ ಹಸಿರು ಮುದ್ರೆ

ಮನೆಯಿಂದ,
ಹದಿನಾಲ್ಕನೇ ತಾರೀಖು, ಭಾನುವಾರ ಬೆಳಿಗ್ಗೆ

ಪ್ರೀತಿಯ ಪುಟ್ಟೂ,

ನಲವತ್ತಾರು ತುಂಬಿದವನನ್ನು ಪುಟ್ಟೂ ಅನ್ನಬೇಡ ಎಂದು ನೀನು ಎಷ್ಟು ಸಲ ಹೇಳಿದರೂ ನನ್ನ ಪೆನ್ನು ಕೇಳುವುದಿಲ್ಲ. ಹೇಗಿದ್ದೀಯ? ಹಡಗಿನ ಎಂಜಿನ್ ಕೋಣೆಯ ಸೆಖೆಗೆ ಬೆನ್ನ ಮೇಲೆ ಎದ್ದಿದ್ದ ಬೊಕ್ಕೆಗಳು ಹೋದವೇ? ಮುಲಾಮು ಹಚ್ಚಿಕೊಳ್ಳುತ್ತಿದ್ದೀಯೋ, ಅದನ್ನೂ ಪೆಟ್ಟಿಗೆಯ ತಳಕ್ಕೆ ಹಾಕಿ ಮರೆತಿದ್ದೀಯೋ? ನನ್ನ ಕಣ್ಣಿನ ಆಪರೇಷನ್ ಆಗಿ ಐದು ವಾರವಾಯಿತು. ಈ ಪತ್ರವನ್ನು ನಾನೇ ಬರೆಯುತ್ತಿದ್ದೇನೆ ಎಂದರೆ ಕಣ್ಣು ಹೇಗಿದೆ ಎಂದು ನೀನೇ ತಿಳಿದುಕೋ. ಎದುರು ಮನೆಯವರ ಪರದೆ ಅಷ್ಟು ಕೊಳೆಯಾಗಿದೆ ಎಂದು ನನಗೆ ಈಗ ಗೊತ್ತಾಯಿತು. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನಿನ್ನ ಮಗಳು ಹಾಸ್ಟೆಲಿನಲ್ಲಿ ಚೆನ್ನಾಗಿದ್ದಾಳೆ. ನಿಮ್ಮ ಹಡಗಿನ ಎಲೆಕ್ಟ್ರಿಷಿಯನ್ ರಜೆ ಮುಗಿಸಿ ಇವತ್ತು ಹೊರಟಿದ್ದಾನಂತೆ, ಮಂಗಳವಾರ ಹಡಗು ಹತ್ತುತ್ತಾನಂತೆ. ಅವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಈ ಎರಡು ಕೋಣೆಯ ಮನೆಯಲ್ಲಿ ನಾನು ಪಿಸುಗುಟ್ಟಿದರೂ ನಿನ್ನ ಹೆಂಡತಿಗೆ ಕೇಳಿಸುತ್ತದೆ. ಹತ್ತೊಂಬತ್ತು ವರ್ಷ ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿರುವವಳ ಕಿವಿ ಅದು.

ವಿಷಯವೂ ಅವಳದೇ. ಪಾಸಾದಳು ಕಣೋ! ಅವಳು ಸರ್ಟಿಫಿಕೇಟಿನ ಲಿಂಕ್ ಕಳಿಸಿದ್ದಕ್ಕೆ ನೀನು ಬರೀ ಒಂದು ಹೆಬ್ಬೆರಳಿನ ಚಿತ್ರ ಕಳಿಸಿದೆಯಂತೆ. ಹೆಬ್ಬೆರಳು! ನೀನು ಏಳನೇ ಕ್ಲಾಸು ಪಾಸಾದಾಗ ನಾನು ಇಡೀ ಬೀದಿಗೆ ಹೇಳಿಕೊಂಡು ಬಂದಿದ್ದೆ, ಅದೂ ಗಣಿತದಲ್ಲಿ ಅಂಚಿಗೆ ಅಂಟಿಕೊಂಡು ಪಾಸಾಗಿದ್ದೆ ನೀನು. ಇರಲಿ. ಅವಳು ಪಾಸಾದ ಬೆನ್ನಿಗೇ ಆಸ್ಪತ್ರೆಯವರು ಇನ್ನೊಂದು ಮಾತು ಕೇಳಿದ್ದಾರೆ. ಬೇರೆ ಊರುಗಳಲ್ಲಿರುವ ಅವರ ನಾಲ್ಕು ಆಸ್ಪತ್ರೆಗಳಿಗೆ ಹೋಗಿ, ಆರು ತಿಂಗಳು ಅಲ್ಲಿನ ಆಪರೇಟರುಗಳಿಗೆ ಇವಳೇ ಕಲಿಸಬೇಕಂತೆ. ಶುಕ್ರವಾರದೊಳಗೆ ಹೂಂ ಅಥವಾ ಉಹೂಂ ಅನ್ನಬೇಕು. ಗುರುವಾರ ನಿನ್ನ ಫೋನು ಬಂದಾಗ ಕೇಳಿ ಹೇಳುತ್ತೇನೆ ಅಂದಿದ್ದಾಳೆ. ಅದಕ್ಕೆ ಮೊದಲು, ನೀನಿಲ್ಲದ ಈ ಐದು ತಿಂಗಳಲ್ಲಿ ಅವಳು ಏನೇನು ಮಾಡಿದಳೆಂದು ನಿನಗೆ ತಿಳಿದಿರಲಿ.

ಇನ್ನು ಮೇಲೆ ಫೋನುಗಳನ್ನು ಎಐ ಎತ್ತುತ್ತದೆ ಎಂದು ಆಸ್ಪತ್ರೆಯವರು ಹೇಳಿದ ದಿನ ನಿನಗೆ ನೆನಪಿರಬೇಕು. ಕರೆ ಮಾಡಿದವರ ಮಾತು ಕೇಳಿ ಆ ಯಂತ್ರವೇ ಸರಿಯಾದ ವಿಭಾಗಕ್ಕೆ ಕಳಿಸುತ್ತದೆ, ಅದರ ತಪ್ಪು ಹಿಡಿಯುವುದಕ್ಕೆ ಮಾತ್ರ ಮನುಷ್ಯರು ಬೇಕು. ನಾಲ್ಕು ತಿಂಗಳ ತರಬೇತಿ ಮುಗಿಸಿ ಡಿಜಿಟಲ್ ಸರ್ಟಿಫಿಕೇಟ್ ತಂದವರಿಗೆ ಆ ಕೆಲಸ, ಉಳಿದವರಿಗೆ ಆಸ್ಪತ್ರೆಯ ಹಾಸಿಗೆ ಬಟ್ಟೆ ಇಡುವ ಸ್ಟೋರು. ಆಗ ನೀನು ಫೋನಿನಲ್ಲಿ ಏನಂದೆ? "ಈ ವಯಸ್ಸಲ್ಲಿ ಇದೆಲ್ಲ ನಿಂಗ್ಯಾಕೆ, ಸ್ಟೋರಲ್ಲಿ ಆರಾಮಾಗಿರು." ಪ್ರೀತಿಯಿಂದಲೇ ಅಂದಿರುತ್ತೀಯ, ನನಗೆ ಗೊತ್ತು. ಅವಳು ಫೋನಿಟ್ಟು ಒಂದೇ ಟವೆಲನ್ನು ಮೂರು ಸಲ ಮಡಿಸಿದಳು. ನನಗೆ ಎಷ್ಟು ಸಿಟ್ಟು ಬಂತೆಂದರೆ, ನೀನು ಎದುರಿಗಿದ್ದಿದ್ದರೆ ನಲವತ್ತಾರು ವರ್ಷದವನು ಎಂದು ನೋಡದೆ ಕಿವಿ ಹಿಂಡುತ್ತಿದ್ದೆ. ಮಾರನೇ ದಿನ ಅವಳು ಯಾರನ್ನೂ ಕೇಳದೆ ಹೆಸರು ಕೊಟ್ಟು ಬಂದಳು.

ದಿನಾ ಸಂಜೆ ಆರರಿಂದ ಎಂಟರವರೆಗೆ ಊಟದ ಮೇಜೇ ಅವಳ ಶಾಲೆ. ಮೊದಲ ವಾರ "ಅತ್ತೆ, ನನ್ನ ತಲೇಲಿ ಜಾಗ ಇಲ್ಲ" ಎಂದು ಲ್ಯಾಪ್‌ಟಾಪಿನ ಮುಚ್ಚಳ ಹಾಕಿಬಿಟ್ಟಳು. ಹತ್ತೊಂಬತ್ತು ವರ್ಷ ಆಸ್ಪತ್ರೆಯ ಮುನ್ನೂರು ನಂಬರು ಇಟ್ಟುಕೊಂಡ ತಲೆಗೆ ಜಾಗವಿಲ್ಲವಂತೆ! ಮುಚ್ಚಳ ನಾನೇ ತೆಗೆದೆ. ಅಭ್ಯಾಸಕ್ಕೆ ಇಪ್ಪತ್ತು ಕರೆಗಳು ಬೇಕು, ಬೇರೆ ಬೇರೆ ಜನರ ಮಾತಿನಲ್ಲಿ ಇರಬೇಕು ಅಂದಳು. ಸರಿ, ನಾನೇ ಇಪ್ಪತ್ತು ಜನ ಆದೆ. ಒಳಗಿನ ಕೋಣೆಯಲ್ಲಿ ಕುಳಿತು ಗಂಟಲು ದಪ್ಪ ಮಾಡಿಕೊಂಡು ಸಾಹುಕಾರನಾದೆ, ಮೂಗು ಹಿಡಿದುಕೊಂಡು ನೆಗಡಿಯವಳಾದೆ. ಹೊಟ್ಟೆ ಭಾರ, ಮೆಟ್ಟಿಲು ಹತ್ತೋಕಾಗಲ್ಲ ಎಂದು ಒಂದು ಸಲ ಗೋಳಾಡಿದೆ ನೋಡು, ಲ್ಯಾಪ್‌ಟಾಪಿನಲ್ಲಿದ್ದ ಅಭ್ಯಾಸದ ಯಂತ್ರ ಬಹಳ ಮರ್ಯಾದೆಯಿಂದ ನನ್ನನ್ನು ಹೆರಿಗೆ ವಿಭಾಗಕ್ಕೆ ಕಳಿಸಿತು. ಎಪ್ಪತ್ತೊಂದನೇ ವಯಸ್ಸಿನಲ್ಲಿ! ನಾವಿಬ್ಬರೂ ನಕ್ಕು ನಕ್ಕು ಸುಸ್ತಾದೆವು. ಆಮೇಲೆ ಅವಳು ಕಣ್ಣೊರೆಸಿಕೊಂಡು, ಅದು ಯಾಕೆ ತಪ್ಪಿತು, ಏನು ಕೇಳಿದ್ದರೆ ತಪ್ಪುತ್ತಿರಲಿಲ್ಲ ಎಂದು ಒಂದು ಪುಟ ಬರೆದಳು. ಅವತ್ತೇ ನನಗೆ ಇವಳು ಗೆಲ್ಲುತ್ತಾಳೆ ಅನ್ನಿಸಿತು.

ಕೊನೆಯ ಪರೀಕ್ಷೆಯ ಕಥೆ ಹೇಳುತ್ತೇನೆ, ಕೇಳು. ಹಿಂದೆ ನಿಜವಾಗಿ ಬಂದಿದ್ದ ಐವತ್ತು ಕರೆಗಳನ್ನು ಕೇಳಿ, ಯಂತ್ರ ಮಾಡಿದ ವಿಂಗಡಣೆ ಸರಿಯೋ ತಪ್ಪೋ ಹೇಳಬೇಕು. ಅದರಲ್ಲಿ ಒಬ್ಬ ಮುದುಕರ ದನಿ. "ಏನಿಲ್ಲಮ್ಮ... ಡಾಕ್ಟ್ರು ನಾಳೆ ಸಿಗ್ತಾರಾ... ಕೇಳೋಣ ಅಂತ..." ಅಷ್ಟೇ. ನಾಳೆ ಬೆಳಿಗ್ಗೆಗೆ ಸಮಯ ಕೊಡಬಹುದು ಎಂದು ಯಂತ್ರ ಬರೆದಿತ್ತು. ಕ್ಲಾಸಿನಲ್ಲಿದ್ದ ಉಳಿದ ಮೂವತ್ತು ಜನರೂ ಸರಿ ಎಂದು ಗುರುತು ಹಾಕಿದರು. ಇವಳೊಬ್ಬಳೇ ತಪ್ಪು, ತಕ್ಷಣ ಆಂಬುಲೆನ್ಸ್ ಕಳಿಸಬೇಕು ಎಂದು ಬರೆದಳು. ಕಾರಣ ಹೀಗೆ ಕೊಟ್ಟಿದ್ದಾಳೆ: "ಇಷ್ಟು ಚಿಕ್ಕ ಮಾತಿಗೆ ಮೂರು ಸಲ ಉಸಿರು ಎಳೆದುಕೊಂಡಿದ್ದಾರೆ. ಏನಿಲ್ಲ ಎಂದು ಶುರು ಮಾಡುವವರನ್ನು ನಾನು ಯಾವತ್ತೂ ಕಾಯಿಸಿಲ್ಲ." ಆ ಮುದುಕರಿಗೆ ಆಗ ಹೃದಯಾಘಾತ ಆಗುತ್ತಿತ್ತಂತೆ ಪುಟ್ಟೂ. ಪುಣ್ಯಕ್ಕೆ ಅವತ್ತು ಯಾರೋ ಗಮನಿಸಿ ಉಳಿಸಿದ್ದರು. ಕಲಿಸುವ ಮೇಡಂ ಇವಳ ಉತ್ತರವನ್ನು ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿದರಂತೆ. ಇದನ್ನು ನನಗೆ ಹೇಳುವಾಗ ಇವಳು ತರಕಾರಿ ಹೆಚ್ಚುತ್ತಾ, ತಲೆ ಎತ್ತದೆ, ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದಳು. ನಾನು ಚಾಕು ಕಸಿದುಕೊಂಡು ಇನ್ನೊಂದು ಸಲ ಮೊದಲಿನಿಂದ ಹೇಳಿಸಿದೆ.

ಇಷ್ಟೆಲ್ಲ ಆದಮೇಲೆ ಸರ್ಟಿಫಿಕೇಟೇ ಬರಲಿಲ್ಲ! ಒಂದು ವಾರ, ಎರಡು ವಾರ. ಸರ್ಟಿಫಿಕೇಟ್ ತೋರಿಸಲು ಆಸ್ಪತ್ರೆಯವರು ಕೊಟ್ಟ ಗಡುವಿಗೆ ಮೂರೇ ದಿನ ಉಳಿದಿತ್ತು. ಇವಳಿಗೆ ಅನ್ನ ಸೇರುತ್ತಿರಲಿಲ್ಲ. ಬಟ್ಟೆ ಸ್ಟೋರಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂದು ವಿಚಾರಿಸಿಕೊಂಡೂ ಬಂದಳು. ಕೊನೆಗೆ ನಾನು ಬೈದು ಮೇಡಮ್ಮಿಗೆ ಫೋನು ಮಾಡಿಸಿದೆ. ಆಗ ತಿಳಿಯಿತು ನಿನ್ನ ಹೆಂಡತಿಯ ಘನಕಾರ್ಯ. ಸರ್ಟಿಫಿಕೇಟಿನ ಲಿಂಕ್ ಮೊದಲ ದಿನವೇ ಬಂದಿತ್ತು. "ಅಭಿನಂದನೆಗಳು, ಇಲ್ಲಿ ಒತ್ತಿ" ಎಂದಿದ್ದುದನ್ನು ನೋಡಿ ಇವಳು, ಗುರುತಿಲ್ಲದ ಲಿಂಕ್ ಒತ್ತಬಾರದು ಎಂದು ಅದೇ ತರಬೇತಿಯ ಮೊದಲ ಪಾಠದಲ್ಲಿ ಕಲಿತಂತೆ, ಅದನ್ನು ಮೋಸದ ಪತ್ರ ಎಂದು ದೂರು ಕೊಟ್ಟು ಅಳಿಸಿಹಾಕಿದ್ದಳು. ಮೇಡಂ ನಗು ತಡೆಯಲಾರದೆ, "ಇಡೀ ಬ್ಯಾಚಲ್ಲಿ ನನ್ನ ಮೊದಲ್ನೇ ಪಾಠ ನೆನಪಿಟ್ಕೊಂಡಿರೋದು ನೀವೊಬ್ರೇ" ಅಂದರಂತೆ. ಅರ್ಧ ಗಂಟೆಯಲ್ಲಿ ಮತ್ತೆ ಕಳಿಸಿದರು.

ಕಾಗದವಲ್ಲ ಅದು, ಫೋನಿನಲ್ಲಿ ಒಂದು ದುಂಡಗಿನ ಹಸಿರು ಮುದ್ರೆ. ಗೋಡೆಗೆ ಹಾಕಲು ಬರುವುದಿಲ್ಲವಲ್ಲ ಎಂದು ನನಗೆ ಮೊದಲು ಬೇಜಾರಾಯಿತು. ಮುದ್ರೆಯನ್ನು ಒತ್ತಿದರೆ ಒಂದು ಪುಟ ತೆರೆಯುತ್ತದೆ. ಅವಳ ಹೆಸರು, ತಾರೀಖು, ಅವಳಿಗೆ ಏನೇನು ಬರುತ್ತದೆ ಎಂಬ ಪಟ್ಟಿ, ಅದರ ಕೆಳಗೆ ಆ ಮುದುಕರ ಬಗ್ಗೆ ಅವಳು ಬರೆದ ಮಾತು ಹಾಗೇ ಇದೆ. ಪ್ರಪಂಚದ ಯಾವ ಮೂಲೆಯಲ್ಲಿ ಯಾರು ಬೇಕಾದರೂ ತೆರೆದು, ನಿಜವೋ ಸುಳ್ಳೋ ನೋಡಿಕೊಳ್ಳಬಹುದಂತೆ. ನೋಡಿಕೊಳ್ಳಲಿ! ನಾನು ಕಣ್ಣಿನ ಡಾಕ್ಟರಿಗೂ ತೋರಿಸಿದೆ. ಅವರು ನನ್ನ ಕಣ್ಣಿಗೆ ಟಾರ್ಚು ಹಿಡಿದಿದ್ದರು, ನಾನು ಅವರ ಮೂಗಿಗೆ ಫೋನು ಹಿಡಿದೆ. ಇವಳು ನಾಚಿಕೊಂಡು "ಸಾಕು ಬನ್ನಿ ಅತ್ತೆ" ಎಂದು ನನ್ನ ಸೀರೆ ಎಳೆದಳು. ನನಗೆ ಹೆಮ್ಮೆ ಕಣೋ. ನನ್ನ ಹೊಟ್ಟೆಯಲ್ಲಿ ಹುಟ್ಟಿದವನ ಮೇಲೆ ಇರುವಷ್ಟೇ ಹೆಮ್ಮೆ, ಈ ತಿಂಗಳ ಮಟ್ಟಿಗೆ ಒಂದು ಹಿಡಿ ಜಾಸ್ತಿಯೇ.

ಬಿಸಿಲಲ್ಲಿ ಬರಿದಲೆಯಲ್ಲಿ ನಿಲ್ಲಬೇಡ, ಹೊತ್ತಿಗೆ ಸರಿಯಾಗಿ ಊಟ ಮಾಡು. ಸಮುದ್ರ ನಿನ್ನನ್ನು ತಣ್ಣಗಿಟ್ಟಿರಲಿ, ನಿನ್ನ ಜೊತೆಗಾರರೆಲ್ಲರಿಗೂ ಒಳ್ಳೆಯದಾಗಲಿ.

ಇಂತಿ, ಇಪ್ಪತ್ತು ದನಿಗಳ
ನಿನ್ನ ಅಮ್ಮ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಎಲೆಕ್ಟ್ರಿಷಿಯನ್ ಬಾಗಿಲಲ್ಲಿ ಬೂಟಿನ ದಾರ ಕಟ್ಟುತ್ತಿದ್ದಾನೆ, ಬೇಗ ಹೇಳಿಬಿಡುತ್ತೇನೆ. ನಿನ್ನೆ ಅವಳು ಸ್ನಾನಕ್ಕೆ ಹೋದಾಗ ಲ್ಯಾಪ್‌ಟಾಪ್ ತೆರೆದೇ ಇತ್ತು, ಓದಬಾರದ್ದನ್ನು ಓದಿಬಿಟ್ಟೆ. ಆಸ್ಪತ್ರೆಗೆ ಉತ್ತರ ಬರೆದಿಟ್ಟಿದ್ದಾಳೆ, ಇನ್ನೂ ಕಳಿಸಿಲ್ಲ. "ಅತ್ತೆಯವರ ಆರೋಗ್ಯದ ಕಾರಣ ಹೋಗಲು ಸಾಧ್ಯವಿಲ್ಲ, ಕ್ಷಮಿಸಿ." ನಾನು ತಕ್ಷಣ ಮೆಟ್ಟಿಲಿಳಿದು ಹೋದೆ ಪುಟ್ಟೂ. ಕೆಳಗಿನ ಮನೆಯ ರಿಟೈರಾದ ನರ್ಸಮ್ಮನ ಹತ್ತಿರ ಮಾತಾಡಿಯಾಗಿದೆ, ದಿನಕ್ಕೆರಡು ಸಲ ಬಂದು ನೋಡುತ್ತೇನೆ ಅಂದಿದ್ದಾರೆ. ಆದರೆ ನಾನು ಹೋಗು ಅಂದರೆ ಇವಳು ನಕ್ಕು ಮಾತು ತೇಲಿಸುತ್ತಾಳೆ. ನೀನೇ ಹೇಳಬೇಕು. ಗುರುವಾರ ಅವಳು ಕೇಳಿದಾಗ, "ಅಮ್ಮನ್ನ ಯಾರು ನೋಡ್ಕೋತಾರೆ" ಎಂಬ ಮಾತು ಬಾಯಿಗೆ ಬಂದರೆ ನುಂಗಿಕೋ. ನೀನು ಮೊದಲ ಸಲ ಹಡಗು ಹತ್ತುವಾಗ ನಿನ್ನ ಮಗಳು ಅವಳ ಹೊಟ್ಟೆಯಲ್ಲಿದ್ದಳು. ಹೋಗಲೋ ಬೇಡವೋ ಎಂದು ಕೇಳಿದವನು ನೀನು. "ಹೋಗಿ ಬನ್ನಿ, ಇಲ್ಲಿ ನಾನಿದೀನಿ" ಅಂದಳು, ಒಂದು ಗಳಿಗೆಯೂ ಯೋಚಿಸಲಿಲ್ಲ. ನೀನೂ ಯೋಚಿಸಬೇಡ.