ಮೂಲೆಮನೆಯ ಜಗಲಿ

ಹುಸೇನ್ ಮೇಸ್ತ್ರಿಗಳೇ,

ಗುರುಗಳೇ ಎಂದರೆ ರೇಗುತ್ತಿದ್ದಿರಿ, ಅದಕ್ಕೇ ಹಳೆಯ ಹೆಸರಿನಲ್ಲೇ ಕೂಗುತ್ತಿದ್ದೇನೆ. ನಿಮ್ಮನ್ನು ಖಬರಸ್ತಾನದಲ್ಲಿ ಮಣ್ಣು ಮಾಡಿ ಎರಡು ವರ್ಷವಾಯಿತು; ಅಳುವುದು ಮುಗಿದು ಈಗ ನಿಮ್ಮ ಮೇಲೆ ಸಿಟ್ಟು ಬರುವ ಕಾಲ. ಹುಣಸೂರಿನ ಈ ಬೀದಿಯಲ್ಲಿ ಹದಿಮೂರು ಮನೆ ಕಟ್ಟಿದಿರಿ. ಒಂದಕ್ಕಾದರೂ ತುಂಡು ಕಾಗದದ ಮೇಲೆ ನಕ್ಷೆ ಬರೆದಿಟ್ಟಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ಹೋದ ತಿಂಗಳು ಮೈಸೂರಿನಿಂದ ಇಂಜಿನಿಯರೊಬ್ಬರು ಬಂದರು. ಅಮೆರಿಕದ ಚಿಕಾಗೊದಲ್ಲಿ ಓದಿ ಬಂದವರು. ಕೊಡಗಿಗೆ ಹೋಗುವ ಮೋಟಾರುಗಳು ನಮ್ಮ ಬೀದಿಯಲ್ಲಿ ತಿರುಗಲಾಗುತ್ತಿಲ್ಲ, ಎಲ್ಲ ಮನೆಗಳ ಜಗಲಿ ಒಡೆಯಬೇಕು ಎಂದರು. ನಾನೀಗ ಅವರ ಕೈಕೆಳಗೆ ನಕ್ಷೆ ಬರೆಯುವವನು. ಜಗಲಿಯ ಕಂಬ ಕಿತ್ತರೆ ಸೂರೇ ಕೂತುಬಿಡುತ್ತದೆ ಸ್ವಾಮಿ ಎಂದೆ. ಅವರು ಚಿತ್ರಗಳ ಪುಸ್ತಕವೊಂದನ್ನು ಬಿಚ್ಚಿ, "ಊರು ಅಂದ್ರೆ ಇದು ನೋಡ್ರೀ" ಎಂದು ಚಿಕಾಗೊದ ಬೀದಿಗಳನ್ನು ತೋರಿಸಿದರು. ಇಟ್ಟಿಗೆಯ ಮನೆ, ಕಲ್ಲಿನ ಮನೆ, ಮೂಲೆಗೊಂದು ಗೋಪುರ ಇಟ್ಟ ಮನೆ. ಚೆನ್ನಾಗಿಯೇ ಇದ್ದವು, ಸುಳ್ಳೇಕೆ ಹೇಳಲಿ. ಆದರೆ ಪುಟ ತಿರುವಿದಷ್ಟೂ ಮನೆಯ ಮುಂದೆ ಜಗಲಿ, ಜಗಲಿಗೆ ಮರದ ಕಂಬ!

"ಇವರಿಗೂ ಜಗಲಿ ಇದೆಯಲ್ಲ ಸ್ವಾಮಿ?"

"ಅದು ಜಗಲಿ ಅಲ್ಲ ಕಣ್ರೀ, ಪೋರ್ಚು!"

ಇಂಥವರಿಗೆ ಏನು ಹೇಳೋಣ... ಕೊನೆಗೆ, ಕಂಬದ ಮೇಲೆ ಭಾರವಿದೆ, ಜಗಲಿ ರಸ್ತೆಗೆ ಬಂದಿಲ್ಲ ಎಂದು ನಕ್ಷೆಯಲ್ಲಿ ತೋರಿಸಿದರೆ ಬಿಡುತ್ತೇನೆ, ಎಂಟು ದಿನ ಗಡುವು ಎಂದರು.

ಟೇಪು ಹಿಡಿದು ಹೊರಟೆ. ಅಯ್ಯೋ ಮೇಸ್ತ್ರಿಗಳೇ! ಒಂದು ಮನೆಯ ಅಳತೆ ಇನ್ನೊಂದಕ್ಕೆ ಹೊಂದುವುದಿಲ್ಲ, ಅಡಿ ಅಂಗುಲ ಯಾವುದೂ ನೆಟ್ಟಗೆ ಬರುವುದಿಲ್ಲ. ಮೂರು ದಿನ ಹಾಳೆ ಹರಿದದ್ದೇ ಬಂತು. ನಾಲ್ಕನೆಯ ದಿನ ನಮ್ಮ ಎದುರುಮನೆಯ ಪುಟ್ಟತಾಯಮ್ಮ ನನ್ನ ಪಾಡು ನೋಡಿ ನಕ್ಕರು.

"ನಿನ್ ಟೇಪ್‌ಗೆ ನಮ್ಮನೆ ಎಂಗ್ ಸಿಕ್ತದೆ ಬುಡಪ್ಪ? ನಮ್ ಮಾವ್ನೋರ ಮೊಳದಲ್ಲಿ ಅಳ್ದಿದ್ದು ಕಣೋ ಇದು" ಎನ್ನುತ್ತ ಹೊಸ್ತಿಲ ಅರಿಶಿನ ಕೆರೆದು ಎರಡು ಗೀರು ತೋರಿಸಿದರು.

ಆಯಾ ಮನೆಯ ಯಜಮಾನನ ಮೊಳವೇ ಆ ಮನೆಗೆ ಅಳತೆ, ಅದರ ಗುರುತು ಹೊಸ್ತಿಲ ಮೇಲೆ! ನಾನು ನಿಮ್ಮ ಹತ್ತಿರ ಕೆಲಸಕ್ಕೆ ಸೇರುವ ಹೊತ್ತಿಗೆ ಈ ಬೀದಿ ಮುಗಿದಿತ್ತು, ಸರಿ. ಆದರೂ ಹತ್ತು ವರ್ಷದಲ್ಲಿ ಒಂದು ಸಲವಾದರೂ ಬಾಯಿ ಬಿಡಬಾರದಿತ್ತೇ?

ಆ ಗೀರುಗಳಲ್ಲಿ ಅಳೆದರೆ ಒಂಬತ್ತು ಮೊಳ, ಏಳು ಮೊಳ, ಎಲ್ಲ ಲಕ್ಷಣವಾಗಿ ಕೂತಿತು. ನಮ್ಮ ಮನೆಯದೂ ಸೇರಿ ಹನ್ನೆರಡು ಜಗಲಿಗಳೂ ಒಂದೇ ದಾರ ಹಿಡಿದಂತೆ ನೇರವಾಗಿದ್ದವು. ಹದಿಮೂರನೆಯದು ಮಾತ್ರ ಒಂದೂವರೆ ಮೊಳ ಬೀದಿಗೆ ಬಂದಿತ್ತು. ತಿರುವಿನ ಮೂಲೆಮನೆ. ನಿಮ್ಮದು!

ಊರಿಗೆಲ್ಲ ದಾರ ಹಿಡಿದವರು ನಿಮ್ಮ ಮನೆಯ ಹತ್ತಿರ ಕಣ್ಣು ಮುಚ್ಚಿಕೊಂಡಿರಾ? ಪೆನ್ಸಿಲು ಹಿಡಿದು ಎಷ್ಟೋ ಹೊತ್ತು ಕೂತೆ. ಗೆರೆಯನ್ನು ಒಂದಿಷ್ಟು ಒಳಗೆ ಎಳೆದುಬಿಡಲೇ ಅನ್ನಿಸಿತು. ಆದರೆ ಇಂಜಿನಿಯರು ಬಂದು ಅಳೆದು ಆ ಒಂದು ಸುಳ್ಳು ಸಿಕ್ಕಿದರೆ ಉಳಿದ ಹನ್ನೆರಡನ್ನೂ ಯಾರು ನಂಬುತ್ತಾರೆ? ಇದ್ದದ್ದನ್ನು ಇದ್ದಂತೆ ಬರೆದೆ. ಹನ್ನೆರಡು ಉಳಿದವು. ನಿಮ್ಮ ಜಗಲಿಗೆ ಕೆಂಪು ಶಾಯಿ ಬಿತ್ತು.

ನಿಮ್ಮ ಮನೆಯವರಾದ ಬೀಬಮ್ಮನವರಿಗೆ ನಾನೇ ಹೋಗಿ ಹೇಳಿದೆ. ಅವರು ಅಳಲಿಲ್ಲ. "ಅವ್ರಿಗೆ ಗೊತ್ತಿತ್ತು ಕಣಪ್ಪ. ಕೆಲ್ಸದೋರೆಲ್ಲ ಒಟ್ಗೆ ಕೂತು ಉಣ್ಲಿ ಅಂತ ಬೇಕಂತ್ಲೇ ಮುಂದಕ್ಕೆ ಎಳುದ್ರು" ಎಂದರು. ಹಾಗೆ ಉಂಡವರಲ್ಲಿ ನಾನೂ ಒಬ್ಬ; ತಿರುವಿನ ಆಚೆ ಬದಿಗೆ ಮರೆಯಾಗಿ ಕೂರುತ್ತಿದ್ದೆ, ನಮ್ಮ ಮನೆಯಲ್ಲಿ ಅದು ಇಂದಿಗೂ ಗೊತ್ತಿಲ್ಲ. ನೆಟ್ಟಗೆ ಸಿಟ್ಟು ಮಾಡಿಕೊಳ್ಳಲೂ ಬಿಡುವುದಿಲ್ಲವಲ್ಲ ನೀವು!

ನಾಳೆ ಹಾರೆ ಹಾಕುತ್ತಾರೆ. ಸೂರು ಕೂರದಂತೆ ಒಳಗಿನಿಂದ ಬೇರೆ ಕಂಬ ಕೊಟ್ಟಿದ್ದೇನೆ. ನಿಮ್ಮ ಕಂಬಗಳನ್ನು ಸೀಳದಂತೆ ನಾನೇ ನಿಂತು ಇಳಿಸುತ್ತೇನೆ. ಇವತ್ತು ಅಲ್ಲಿಂದ ಹೊರಟಾಗ ಬೀಬಮ್ಮ ಕೇಳಿದರು: "ನಾಳೆ ಒಡ್ಯಕ್ಕೆ ಬರೋರ್ಗೆ ಮಧ್ಯಾಹ್ನ ಊಟ ಎಲ್ಲಿ ಬಡಿಸ್ಲಪ್ಪ?"

ನಮ್ಮ ಮನೆಯ ಜಗಲಿಯಲ್ಲಿ ಎಂದುಬಿಟ್ಟೆ. ನಿಮ್ಮ ಮನೆಯ ಅನ್ನ, ನಮ್ಮ ಮನೆಯ ಜಗಲಿ. ಇನ್ನು ಒಳಗೆ ಹೋಗಿ ನಮ್ಮಪ್ಪನಿಗೆ ಹೇಳಬೇಕು. ಅದಕ್ಕೆ ಧೈರ್ಯ ಬರಲಿ ಎಂದೇ ಹೊಸ್ತಿಲ ಮೇಲೆ ಕೂತು ನಿಮಗೆ ಬರೆಯುತ್ತಿದ್ದೇನೆ.

ನಿಮ್ಮ ನಂಜುಂಡ