ಬೂದುಗಂಟಲು, ಬಿಳಿಗಂಟಲು

ಚಿಕ್ಕಮ್ಮಾ,

ಫ್ರೀಮಾಂಟಿನ ನಿನ್ನ ಮನೆಯಲ್ಲಿ ಅಡುಗೆಮನೆಯ ಟೇಬಲ್ಲಿನ ಮೇಲೆ ನೀನು ಆ ಎರಡು ಹಕ್ಕಿಗಳ ಫೋಟೊ ಇಟ್ಟ ದಿನ ನೆನಪಿದೆಯೇ? ಪೆರುವಿನ ಕಾಡಿನವು, ಹೆಬ್ಬೆರಳಿಗಿಂತ ತುಸು ದೊಡ್ಡವು. ಒಂದಕ್ಕೆ ಬಿಳಿ ಗಂಟಲು, ಇನ್ನೊಂದಕ್ಕೆ ಬೂದು, ಉಳಿದದ್ದೆಲ್ಲ ಒಂದೇ. ಬಿಳಿಗಂಟಲು ಎಲ್ಲೆಡೆ ಸಿಗುತ್ತದೆ, ಬೂದುಗಂಟಲು ನಾಲ್ಕಾರು ಕಣಿವೆಗಳಲ್ಲಿ ಮಾತ್ರ. "ಆ ಕತ್ತಲೆ ಪೊದೇಲಿ ಗಂಟಲು ಯಾರಿಗ್ ಕಾಣತ್ತೆ? ಕೂಗು ಕೇಳ್ಬೇಕು ಕಣೇ. ಬಿಳೀದು ಕೊನೇಲಿ ಏರತ್ತೆ, ಬೂದು ಇಳಿಯತ್ತೆ" ಎಂದು ನೀನು ಶಿಳ್ಳೆ ಹಾಕಿ ತೋರಿಸಿದ್ದೆ. ನನಗೆ ಎರಡೂ ಒಂದೇ ಥರ ಕೇಳಿಸಿದ್ದವು.

ಕಾಲೇಜಿನ ಆ ಬೇಸಿಗೆ ರಜೆಯಲ್ಲಿ ನೀನು ಆ ಕಾಡಿನಲ್ಲಿ ಮಾಡಿದ್ದ ರೆಕಾರ್ಡಿಂಗುಗಳನ್ನು ಕೇಳಿ, ಯಾವ ಕಣಿವೆಯಲ್ಲಿ ಯಾವ ಹಕ್ಕಿ ಎಂದು ಪಟ್ಟಿ ಮಾಡಿದ್ದು ನಾನು. ನಿನಗಾಗಲೇ ಕೀಮೋ ಶುರುವಾಗಿತ್ತು; ನನ್ನ ಮೇಲೆ ನಂಬಿಕೆಯಿಟ್ಟು ಓದದೆಯೇ ಸಹಿ ಹಾಕಿದೆ. ನೀನು ಹೋದ ಮೇಲೆ ಅದೇ ಪಟ್ಟಿ ನೋಡಿ, ಕೆಳಕಣಿವೆಯಲ್ಲಿ ಬೂದುಗಂಟಲು ಇಲ್ಲವೆಂದುಕೊಂಡು, ಅಲ್ಲಿನ ಅಧಿಕಾರಿಗಳು ಕಾಡು ಕಡಿದು ರಸ್ತೆ ಮಾಡಲು ಒಪ್ಪಿಗೆ ಕೊಟ್ಟರು.

ಹೋದ ವಾರ ಒಂದು ಮಧ್ಯಾಹ್ನ, ಮಗಳನ್ನು ಮಲಗಿಸಲು ನಿನ್ನ ಹಕ್ಕಿಗಳ ರೆಕಾರ್ಡಿಂಗು ಹಾಕಿದ್ದೆ. ಅವಳು ಹುಟ್ಟಿದಾಗಿನಿಂದ ನನಗೆ ನಿದ್ದೆಯಿಲ್ಲ. ಉಸಿರಾಡುತ್ತಿದ್ದಾಳೆಯೇ ಎಂದು ಮೂಗಿನ ಬಳಿ ಬೆರಳಿಟ್ಟು ನೋಡುತ್ತಲೇ ಇರುತ್ತೇನೆ. ಕೊನೆಯ ರೆಕಾರ್ಡಿಂಗು ಬಂತು. ಹಕ್ಕಿ ಕೂಗಿತು, ಕೊನೆಯಲ್ಲಿ ದನಿ ಇಳಿಯಿತು. ಆಮೇಲೆ ನೀನು ಪಿಸುಗುಟ್ಟಿದೆ: "ಬೂದುಗಂಟಲು, ಕೆಳಕಣಿವೆ." ಅಷ್ಟೆ. ಮುಂದೆ ಏನೂ ಇಲ್ಲ.

ಹಕ್ಕಿ ಕೂಗಿ ಮುಗಿಸಿದ ಮೇಲೆ ನೀನು ಅದರ ಹೆಸರು ಹೇಳುತ್ತಿದ್ದೆ. ನಾನು ಹೆಸರಿಲ್ಲದ ಮೊದಲ ಕೂಗನ್ನು ಬಿಟ್ಟು, ಅದನ್ನು ಮುಂದೆ ಬರುವ ಕೂಗಿನ ಹೆಸರೆಂದುಕೊಂಡು ಬರೆಯುತ್ತ ಹೋಗಿದ್ದೆ. ಕೊನೆಯ ಹೆಸರಿನ ನಂತರ ಕೂಗೇ ಇರಲಿಲ್ಲವಲ್ಲ, ಅದನ್ನು ಪಟ್ಟಿಗೆ ಸೇರಿಸದೆ ಬಿಟ್ಟೇಬಿಟ್ಟಿದ್ದೆ.

ಆಫೀಸಿನಿಂದ ಬಂದ ಗಂಡನಿಗೆ ಹೇಳಿದೆ. "ಊಟ ಆದ್ಮೇಲೆ ಮೆನು ಓದೋ ಪೈಕಿ ನಿಮ್ ಚಿಕ್ಕಮ್ಮ" ಎಂದು ನಗಲು ಹೋದವನು ನನ್ನ ಮುಖ ನೋಡಿ ಪಕ್ಕದಲ್ಲಿ ಬಂದು ಕೂತ. ಆಮೇಲೆ ಮೆಲ್ಲಗೆ, "ಒಂದ್ಸಲ ಅವ್ರನ್ನೇ ಕೇಳ್ಬಹುದಿತ್ತಲ್ವಾ?" ಎಂದ. ಕೇಳಬಹುದಿತ್ತು. ನೀನು ಪಕ್ಕದ ರೂಮಿನಲ್ಲೇ ಇದ್ದೆ. ಚಿಕ್ಕಮ್ಮನಿಗೆ ಈಗತಾನೇ ನಿದ್ದೆ ಹತ್ತಿದೆ, ಎಬ್ಬಿಸುವುದು ಬೇಡ ಎಂದು ನಾನು...

ನಿನ್ನೆ ಪೆರುವಿನ ಆ ಅಧಿಕಾರಿಗಳಿಗೆ ಬರೆದೆ, ತಪ್ಪು ನಿನ್ನದಲ್ಲ, ನನ್ನದು ಎಂದು. ಇವತ್ತು ಉತ್ತರ ಬಂದಿದೆ. ಯಂತ್ರಗಳು ಕೆಳಕಣಿವೆಯ ಅರ್ಧ ದಾಟಿವೆಯಂತೆ. ಗುರುವಾರ ಬೆಳಿಗ್ಗೆ ಎರಡು ಗಂಟೆ ಕಾಲ ಅವನ್ನು ನಿಲ್ಲಿಸುತ್ತಾರೆ. ಒಬ್ಬರು ಹೋಗಿ ಕಿವಿಗೊಟ್ಟು ಕೂರುತ್ತಾರೆ. ಕೂಗು ಕೇಳಿಸಿದರೆ ಕೆಲಸ ನಿಲ್ಲುತ್ತದೆ.

ಕೇಳಿಸದಿದ್ದರೆ, ಚಿಕ್ಕಮ್ಮಾ, ನಾನು ಮಾಡಿದ ಪಟ್ಟಿಯೇ ನಿಜವಾಗಿಬಿಡುತ್ತದೆ.